ಅವ್ವಗ ಆರಾಮಿಲ್ರೀ ಅಕ್ಕೋರ

ನಮ್ಮ ಶಾಲೆಯಲ್ಲಿ ಮಕ್ಕಳು ಗೈರುಹಾಜರಿಗೆ ಕೊಡುವ ಕಾರಣಗಳು ನಾಲ್ಕೈದೇ. ಊರ ಜಾತ್ರೆ, ಸೋದರಮಾವನ ಮದುವೆ, ಜ್ವರ, ದ್ರಾಕ್ಷಿ ತೋಟದ ಕೆಲಸ. ಆದರೆ ಐದನೇ ತರಗತಿ ದಾಟಿದ ಹುಡುಗಿಯರದು ಬೇರೆಯದೇ ಒಂದು ಕಾರಣವಿದೆ. "ಅವ್ವಗ ಆರಾಮಿಲ್ರೀ ಅಕ್ಕೋರ" ಎಂದು ತಲೆ ತಗ್ಗಿಸಿ ನಿಲ್ಲುತ್ತಾರೆ. ಏನಾಗಿದೆ ಎಂದು ಕೇಳಿದರೆ "ತಲಿ ತಿರಗತೈತ್ರಿ", "ನಡಾ ಹಿಡದೈತ್ರಿ", "ಬಿಳಿ ಹೋಗತೈತಂತ್ರಿ". ಹುಡುಗರು ಈ ಕಾರಣ ಹೇಳುವುದು ಬಲು ಅಪರೂಪ. ಅವ್ವ ಮಲಗಿದರೆ ರೊಟ್ಟಿ ಬಡಿಯಲು, ನೀರು ತರಲು, ತಮ್ಮನನ್ನು ಎತ್ತಿಕೊಳ್ಳಲು ಶಾಲೆ ಬಿಡಬೇಕಾದವಳು ಮಗಳೇ ತಾನೆ?

ಹಾಗಾಗಿ ಹೆಂಗಸರ ಆರೋಗ್ಯ ಎಂಬುದು ನಮಗೆ ಪಾಠದ ಹೊರಗಿನ ಮಾತಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ತಿಂಗಳಿಗೆ ಎಂಟು ದಿನ ಬರದಿದ್ದರೆ ಭಿನ್ನರಾಶಿ ಅವಳಿಗೆ ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೆ ಎಂಟನೆಯದಕ್ಕೆ ಹೋಗುವುದಿಲ್ಲ. ಹೋಗದಿದ್ದರೆ ಮದುವೆ. ಈ ಸರಪಳಿಯ ಮೊದಲ ಕೊಂಡಿ ಎಷ್ಟೋ ಸಲ ಅವಳ ಅವ್ವನ ಮೈಯಲ್ಲಿ ಕಡಿಮೆಯಾದ ರಕ್ತವೇ ಆಗಿರುತ್ತದೆ. ಈ ಸಲ ಅದರ ಬಗ್ಗೆಯೇ ಬರೆಯೋಣ ಎಂದುಕೊಂಡೆವು. ಗಂಡಸರೂ ಓದಬಹುದು, ಓದಿದರೆ ಒಳ್ಳೆಯದೇ.

ಹೊಸದಾಗಿ ಓದುವವರಿಗೆ ಒಂದು ಮಾತು. ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಪೂರ್ವಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ವಿಜಯಪುರ ಜಿಲ್ಲೆ. ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ನಮ್ಮ ಟಿ.ಸಿ.ಎಚ್. ಆಗಿದ್ದು ಬಿಜಾಪುರದಲ್ಲಿ, ನೌಕರಿ ಆಗಿದ್ದು ಇಲ್ಲಿ. 2022ರ ನವೆಂಬರಿನಲ್ಲಿ ಗಡಿ ಗಲಾಟೆ ಎದ್ದಾಗ ನಮ್ಮ ತಾಲೂಕಿನ ಹೆಸರು ಟಿವಿಯಲ್ಲಿ ದಿನವಿಡೀ ಬಂತು. ಯಾವ ಹಳ್ಳಿ ಯಾರದು ಎಂದು ಎರಡೂ ಕಡೆಯವರು ಜೋರಾಗಿ ಮಾತಾಡಿದರು. ಆ ಹಳ್ಳಿಗಳ ಹೆಂಗಸರ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಮಾತ್ರ ಯಾವ ಕಡೆಯವರೂ ಕೇಳಲಿಲ್ಲ ಬಿಡಿ.

ಗಡಿಯಲ್ಲಿ ಇರುವುದರ ಒಂದು ಸಣ್ಣ ಕಷ್ಟ ಹೇಳುತ್ತೇವೆ. ಆರೋಗ್ಯ ಇಲಾಖೆಯಿಂದ ಬರುವ ಕರಪತ್ರ, ಗೋಡೆಪತ್ರ ಎಲ್ಲ ಮರಾಠಿಯಲ್ಲಿ. ಅದು ಸಹಜವೇ, ರಾಜ್ಯಭಾಷೆ ಅದು. ಆದರೆ ನಮ್ಮ ಮಕ್ಕಳ ತಾಯಂದಿರಲ್ಲಿ ಅರ್ಧಕ್ಕರ್ಧ ಜನ ಆಚೆಯಿಂದ ಮದುವೆಯಾಗಿ ಬಂದವರು. ಇಂಡಿ, ತಿಕೋಟಾ, ಅಥಣಿ ಕಡೆಯ ಹೆಣ್ಣುಮಕ್ಕಳು. ಕನ್ನಡ ಶಾಲೆಯಲ್ಲಿ ಆರೋ ಏಳೋ ಓದಿದ್ದಾರೆ. ಮರಾಠಿ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಲಿಪಿ ಓದಬಲ್ಲವರಿಗೂ 'ರಕ್ತಕ್ಷಯ', 'ಲೋಹಯುಕ್ತ ಆಹಾರ' ಎಂಬ ಮಾತುಗಳು ದೂರದವೇ. ಲೋಹ ಎಂದರೆ ಇಲ್ಲಿ ಕಬ್ಬಿಣ ಎಂದು ಗೊತ್ತಾದ ಮೇಲೂ "ಕಬ್ಬಣ ಹೆಂಗ ತಿನ್ನೂದ್ರೀ?" ಎಂದು ಒಬ್ಬಾಕೆ ಕೇಳಿದ್ದರು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅಂದಿನಿಂದ ಶಾಲೆಯ ಹೊರಗೋಡೆಯ ಕಪ್ಪು ಹಲಗೆಯಲ್ಲಿ ಸುವಿಚಾರ ಬರೆಯುವ ಜಾಗದಲ್ಲಿ ವಾರಕ್ಕೊಮ್ಮೆ ಆ ಕರಪತ್ರಗಳ ನಾಲ್ಕು ಸಾಲನ್ನು ನಮ್ಮ ಭಾಗದ ಕನ್ನಡದಲ್ಲಿ ಬರೆಯತೊಡಗಿದೆವು. ಮಗುವನ್ನು ಬಿಡಲು ಬಂದವರು ನಿಂತು ಓದುತ್ತಾರೆ. ಓದಲು ಬಾರದವರಿಗೆ ಮಗುವೇ ಓದಿ ಹೇಳುತ್ತದೆ, ಅದಕ್ಕೂ ಒಂದು ವಾಚನ ಪಾಠವಾಯಿತು!

ನಮ್ಮ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಅರಿಷಿಣ-ಕುಂಕುಮದ ದಿನಗಳು. ಮಹಾರಾಷ್ಟ್ರದ ಪದ್ಧತಿ, ಈಗ ನಮ್ಮ ಕನ್ನಡ ಮನೆಗಳಲ್ಲೂ ಬೇರೂರಿದೆ. ಬಂದವರಿಗೆ ಎಳ್ಳು-ಬೆಲ್ಲದ ಜೊತೆ 'ವಾಣ' ಎಂದು ಏನಾದರೂ ಒಂದು ಸಾಮಾನು ಕೊಡಬೇಕು. ಪ್ಲಾಸ್ಟಿಕ್ ಡಬ್ಬಿ, ಚಹಾ ಸೋಸುವ ಜರಡಿ, ಸ್ಟೀಲ್ ಬಟ್ಟಲು ಹೀಗೆ. ಶಾಲೆಯಲ್ಲಿ ಮಾತಾ ಪಾಲಕ ಸಂಘದ ಕಡೆಯಿಂದಲೂ ಮಾಡುತ್ತೇವೆ. ಒಂದು ವರ್ಷ ನಾವು ಶಿಕ್ಷಕಿಯರು ಕೂಡಿ ಎರಡು ಬದಲಾವಣೆ ಮಾಡಿದೆವು. ಒಂದು, ಗಂಡ ತೀರಿಕೊಂಡ ತಾಯಂದಿರನ್ನೂ ಹೆಸರು ಹಿಡಿದು ಕರೆದೆವು. (ಇದಕ್ಕೆ ಗೊಣಗಿದವರಿದ್ದರು. ಶಾಲೆಯ ಕಾರ್ಯಕ್ರಮ, ಶಾಲೆಯ ರಿಜಿಸ್ಟರಿನಲ್ಲಿ ಹೆಸರಿರುವ ಎಲ್ಲ ಮಕ್ಕಳ ತಾಯಂದಿರೂ ಬರಬೇಕು ಎಂದೆವು, ಮುಗಿಯಿತು.) ಇನ್ನೊಂದು, ಉಪಕೇಂದ್ರದ ನರ್ಸ್ ಬಾಯಿಯವರನ್ನು ರಕ್ತ ನೋಡುವ ಸಣ್ಣ ಯಂತ್ರ ತೆಗೆದುಕೊಂಡು ಬರುವಂತೆ ಕೇಳಿಕೊಂಡೆವು.

ಬೆರಳಿಗೆ ಸೂಜಿ ಚುಚ್ಚುತ್ತಾರೆ ಎಂದ ಕೂಡಲೇ ಅರ್ಧ ಜನ ಬಾಗಿಲ ಕಡೆ ನೋಡಿದರು. "ನಮಗೇನಾಗೈತ್ರೀ, ಗಟ್ಟಿ ಅದೀವಿ" ಎಂದರು. ಕೊನೆಗೆ ನಾವೇ ಮೊದಲು ಬೆರಳು ಚಾಚಿದೆವು. ಹಿಮೋಗ್ಲೋಬಿನ್ ಎಂಬುದು ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು, ಬಸುರಿಗೆ 11. ನಮ್ಮ ಪೈಕಿಯೇ ಒಬ್ಬರಿಗೆ 9.4 ಬಂತು. ಸಂಬಳ ಬರುವವರು, ಎರಡು ಹೊತ್ತು ಉಣ್ಣುವವರು, ಪ್ರತಿವರ್ಷ 'ಸಮತೋಲನ ಆಹಾರ' ಪಾಠ ಮಾಡುವವರು! ಆಗ ಎಲ್ಲರಿಗೂ ಧೈರ್ಯ ಬಂತು. "ಅಕ್ಕೋರಿಗೇ ಇಷ್ಟಂದ್ರ ನಮಗ ಎಷ್ಟಿದ್ದೀತು" ಎಂದು ಸಾಲು ಹಚ್ಚಿದರು. ಆ ದಿನ 12 ಮುಟ್ಟಿದವರು ಕೈಬೆರಳಿನಲ್ಲಿ ಎಣಿಸುವಷ್ಟು. ಒಬ್ಬ ತಾಯಿಗೆ 6.8 ಇತ್ತು. ಅವರು ಬೆಳಿಗ್ಗೆ ದ್ರಾಕ್ಷಿ ತೋಟದಲ್ಲಿ ಕೆಲಸ ಮುಗಿಸಿ, ಎರಡು ಕೊಡ ನೀರು ಹೊತ್ತು ಹಾಕಿ ಬಂದಿದ್ದರು. ನರ್ಸ್ ಬಾಯಿ ಅವರನ್ನು ಅಂದೇ ತಮ್ಮ ಜೊತೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅವರ ಮಗಳು ನಮ್ಮ ಆರನೇ ತರಗತಿ. ಹಾಜರಿಯಲ್ಲಿ ಅತಿ ಹೆಚ್ಚು ಗೈರು ಇದ್ದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಇದು ನಮ್ಮ ಊರಿನದೇ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಮಹಾರಾಷ್ಟ್ರದಲ್ಲಿ ನೂರಕ್ಕೆ 54. ಅಂದರೆ ರಕ್ತ ಕಡಿಮೆ ಇರುವುದೇ ನಮ್ಮಲ್ಲಿ ರೂಢಿ, ಸರಿಯಾಗಿರುವುದೇ ವಿಶೇಷ.

ಏನು ತಿನ್ನಬೇಕು ಎಂದು ಕೇಳಿದರೆ ಟಿವಿಯಲ್ಲಿ ಹಣ್ಣು, ಬದಾಮಿ, ಖರ್ಜೂರ ಎನ್ನುತ್ತಾರೆ. ದಾಳಿಂಬೆ ಬೆಳೆಯುವ ತಾಲೂಕು ನಮ್ಮದು, ಆದರೆ ಒಳ್ಳೆಯ ಹಣ್ಣೆಲ್ಲ ಪೆಟ್ಟಿಗೆ ಕಟ್ಟಿ ಪೇಟೆಗೆ ಹೋಗುತ್ತದೆ, ಬೆಳೆದವರ ಮನೆಯ ಹೆಂಗಸಿಗೆ ಸಿಗುವುದು ಒಡೆದದ್ದು. ಅದಿರಲಿ, ರಕ್ತಕ್ಕೆ ಬೇಕಾದ್ದು ನಮ್ಮ ಹೊಲದ ಬದುವಿನಲ್ಲೇ ಇದೆ. ರಾಜಗಿರಿ, ಮೆಂತ್ಯ, ಕಿರಕಸಾಲಿ, ಪುಂಡಿಪಲ್ಯ. ಜೋಳದ ರೊಟ್ಟಿಗಿಂತ ಸಜ್ಜಿ ರೊಟ್ಟಿಯಲ್ಲಿ ಕಬ್ಬಿಣ ಹೆಚ್ಚು, ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಸಜ್ಜಿ ಬಡಿಯಬಹುದು. ಮಡಕಿಕಾಳು, ಹೆಸರುಕಾಳು ಮೊಳಕೆ ಬರಿಸಿ ತಿಂದರೆ ಅದರ ಸತ್ವ ಮೈಗೆ ಹತ್ತುವುದು ಹೆಚ್ಚು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಎಳ್ಳು ಇವೆಲ್ಲ ನಮ್ಮ ಅಜ್ಜಿಯರ ಔಷಧಿ ಅಂಗಡಿ. ತತ್ತಿ ತಿನ್ನುವವರು ತತ್ತಿ ತಿನ್ನಿ, ತಿನ್ನದವರು ಬೇಸರ ಮಾಡಿಕೊಳ್ಳಬೇಕಿಲ್ಲ.

ಆದರೆ ಬರೀ ತಿಂದರೆ ಸಾಲದು. ಸೊಪ್ಪು-ಕಾಳಿನ ಕಬ್ಬಿಣ ಬಲು ಹಟಮಾರಿ, ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಅದಕ್ಕೆ ಹುಳಿ ಬೇಕು. ಊಟದ ಜೊತೆ ಅರ್ಧ ಲಿಂಬಿಹಣ್ಣು, ಒಂದು ನೆಲ್ಲಿಕಾಯಿ ಅಥವಾ ಪೇರಲ ಹಣ್ಣು ಇದ್ದರೆ ಅದು ಇಳಿಯುತ್ತದೆ. ಚಹಾ ಇದಕ್ಕೆ ಪಕ್ಕಾ ವಿರೋಧಿ. ಊಟಕ್ಕೆ ಅಂಟಿಕೊಂಡೇ ಚಹಾ ಕುಡಿದರೆ ತಿಂದ ಕಬ್ಬಿಣದ ಬಹುಭಾಗ ಹಾಗೇ ಹೊರಗೆ ಹೋಗುತ್ತದೆ. ನಮ್ಮ ಹೆಂಗಸರ ಬೆಳಗಿನ ಊಟವೇ ಚಹಾದಲ್ಲಿ ಅದ್ದಿದ ಕಡಕ್ ರೊಟ್ಟಿ! ಚಹಾ ಬಿಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಸಭೆಗೆ ಯಾರೂ ಬರುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಡಿ ಎನ್ನುತ್ತೇವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಅಟ್ಟದ ಮೇಲೆ ಹಾಕಿದ ಹಳೆಯ ಕಬ್ಬಿಣದ ಬುಟ್ಟಿ-ಬಾಣಲೆ ಇಳಿಸಿ, ಪುಂಡಿಪಲ್ಯದಂಥ ಹುಳಿ ಪದಾರ್ಥ ಅದರಲ್ಲಿ ಕುದಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಸ್ವಲ್ಪ ಅಡುಗೆಗೆ ಸೇರುತ್ತದೆ. ಮರುವರ್ಷದ ವಾಣಕ್ಕೆ ನಾವು ಕೊಟ್ಟಿದ್ದು ಒಂದೊಂದು ಕಬ್ಬಿಣದ ಒಗ್ಗರಣೆ ಸೌಟು. ಪ್ಲಾಸ್ಟಿಕ್ ಡಬ್ಬಿಗಿಂತ ಅದೇ ವಾಸಿ ಎಂದು ಈಗಲೂ ಅನಿಸುತ್ತದೆ.

ಇನ್ನು ಗುಳಿಗೆ. 12ಕ್ಕಿಂತ ತೀರಾ ಕೆಳಗಿದ್ದವರಿಗೆ ಬರೀ ಸೊಪ್ಪು ಸಾಲುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಎಂಬ ಕಾರ್ಯಕ್ರಮ ಬಂದಿತು. ಅದರಂತೆ ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ ಗುಳಿಗೆ, ದೊಡ್ಡ ಹುಡುಗಿಯರಿಗೆ ನೀಲಿ, ಹೆಂಗಸರಿಗೆ ಕೆಂಪು. ಶಾಲೆಯಲ್ಲಿ ವಾರಕ್ಕೊಂದು ನಾವೇ ನುಂಗಿಸುತ್ತೇವೆ. ಮನೆಗೆ ಕೊಟ್ಟವು ಮಾತ್ರ ಹಲವು ಮನೆಗಳಲ್ಲಿ ದೇವರ ಜಗುಲಿಯ ಹಿಂದೆ ಸೇರುತ್ತವೆ. ಕಾರಣ ಕೇಳಿದರೆ "ಹೊಟ್ಟಿ ತೊಳಸತೈತ್ರಿ, ಹೊರಕಡೆ ಕರ್ರಗ ಆಗತೈತ್ರಿ". ಮಲ ಕಪ್ಪಾಗುವುದು ಗುಳಿಗೆಯ ಗುಣ, ಹೆದರಬೇಕಿಲ್ಲ. ಹೊಟ್ಟೆ ತೊಳಸುವವರು ರಾತ್ರಿ ಊಟವಾದ ಮೇಲೆ, ನೀರಿನಲ್ಲಿ ಅಥವಾ ಲಿಂಬು ಪಾನಕದಲ್ಲಿ ತೆಗೆದುಕೊಂಡು ಮಲಗಿದರೆ ತಡೆಯುತ್ತದೆ. ಹಾಲಿನ ಜೊತೆ ಬೇಡ. ಇಷ್ಟನ್ನು ಅವರ ಭಾಷೆಯಲ್ಲಿ ಯಾರಾದರೂ ಹೇಳಿದರೆ ನುಂಗುತ್ತಾರೆ. ನಾವು ಕಂಡಿದ್ದೇವೆ. ಜಂತುಹುಳದ ಗುಳಿಗೆ ಫೆಬ್ರವರಿಯಲ್ಲಿ ಶಾಲೆಯಲ್ಲಿ ಕೊಡುತ್ತೇವಲ್ಲ, ಹುಳದ ತೊಂದರೆ ದೊಡ್ಡವರಿಗೂ ಇರುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗಂತೂ ಹೆಚ್ಚು. ಕಾಲಿಗೆ ಚಪ್ಪಲಿ ಹಾಕುವುದೂ ರಕ್ತ ಉಳಿಸುವ ಉಪಾಯವೇ.

ನೀರಿನ ವಿಷಯಕ್ಕೆ ಬರೋಣ. ಬರಗಾಲದ ತಾಲೂಕಿನವರಿಗೆ ನೀರು ಕುಡಿಯಿರಿ ಎಂದು ಹೇಳುವುದು ವಿಚಿತ್ರ ಅನಿಸಬಹುದು. ಆದರೆ ನಮ್ಮ ಹೆಂಗಸರು ನೀರು ಕುಡಿಯದಿರುವುದು ನೀರಿಲ್ಲವೆಂದು ಅಲ್ಲ, ಹೋಗಲು ಜಾಗವಿಲ್ಲವೆಂದು. ತೋಟದಲ್ಲಿ ಗಂಡಾಳುಗಳಿರುತ್ತಾರೆ, ಮರೆ ಇಲ್ಲ. ಬೆಳಿಗ್ಗೆ ಹೋದವರು ಸಂಜೆಯ ತನಕ ತಡೆದುಕೊಳ್ಳುತ್ತಾರೆ. ನೌಕರಿಯವರದೂ ಇದೇ ಕಥೆ. ಎಸ್.ಟಿ. ಬಸ್ಸಿನಲ್ಲಿ ಒಂದೂವರೆ ತಾಸು, ನಿಲ್ದಾಣದ ಮೂತ್ರಾಲಯದ ಹತ್ತಿರ ಹೋಗಲಾಗದ ವಾಸನೆ, ಹಾಗಾಗಿ ಬೆಳಗಿನಿಂದಲೇ ಗಂಟಲು ಒಣಗಿಸಿಕೊಂಡು ಹೊರಡುವ ಶಿಕ್ಷಕಿಯರು ಎಷ್ಟೋ ಜನ. ಅದರ ಫಲ ಉರಿಮೂತ್ರ, ಕಿಬ್ಬೊಟ್ಟೆ ನೋವು, ಮಲಬದ್ಧತೆ, ತಲೆಶೂಲೆ. ಮೂತ್ರದ ಬಣ್ಣ ನೋಡಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ತಿಳಿ ಹಳದಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ. ಉರಿ ಇದ್ದು ಜ್ವರವೂ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ದವಾಖಾನೆಗೆ ಹೋಗಬೇಕು.

ತೋಟದ ಕೆಲಸಕ್ಕೆ ಗುಂಪಾಗಿ ಹೋಗುವ ಕೆಲ ತಾಯಂದಿರು ಒಂದು ಉಪಾಯ ಮಾಡಿದ್ದಾರೆ. ಹಳೆಯ ಸೀರೆ ಮತ್ತು ನಾಲ್ಕು ಕೋಲು ಒಯ್ದು ಬದುವಿನ ಬದಿಗೆ ಮರೆ ಕಟ್ಟುತ್ತಾರೆ. ಯಜಮಾನನಿಗೆ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಇದನ್ನು ಕೇಳಿ ನಮಗೆ ಬಹಳ ಸಂತೋಷವಾಯಿತು. ಯಾವ ತರಬೇತಿಯಲ್ಲೂ ಯಾರೂ ಇದನ್ನು ಕಲಿಸಿರಲಿಲ್ಲ.

ಮುಟ್ಟಿನ ಬಟ್ಟೆಯದೂ ಸೀರೆಯ ಮರೆಯ ಮಾತೇ, ಆದರೆ ಅಲ್ಲಿ ಮರೆ ಆಗದು. ಹತ್ತಿ ಬಟ್ಟೆ ಬಳಸುವುದರಲ್ಲಿ ಕೊರತೆಯೇನಿಲ್ಲ, ತೊಂದರೆ ಇರುವುದು ಅದನ್ನು ಹಿತ್ತಲ ಕತ್ತಲಲ್ಲಿ, ಬೇರೆ ಬಟ್ಟೆಯ ಕೆಳಗೆ ಹಸಿಹಸಿಯಾಗಿ ಒಣಗಿಸುವುದರಲ್ಲಿ. ಸಾಬೂನಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಬಿಸಿಲೊಂದಕ್ಕೆ ನಮ್ಮ ತಾಲೂಕಿನಲ್ಲಿ ಬರವಿಲ್ಲ! ನಾಲ್ಕೈದು ತಾಸಿಗೊಮ್ಮೆ ಬದಲಿಸಬೇಕು. ಪ್ಯಾಡ್ ಬೇಕೆನ್ನುವವರಿಗೆ 2019ರಿಂದ ಜನೌಷಧಿ ಅಂಗಡಿಗಳಲ್ಲಿ 'ಸುವಿಧಾ' ಎಂಬುದು ಒಂದಕ್ಕೆ ಒಂದು ರೂಪಾಯಿಯಂತೆ ಸಿಗುತ್ತದೆ. ಜತ್ತ ಪೇಟೆಗೆ ಹೋದ ಯಾರಾದರೂ ಓಣಿಗೆಲ್ಲ ಸೇರಿಸಿ ತಂದರಾಯಿತು.

ಈಗ ಹೇಳಬೇಕಾದ್ದು ಸ್ವಲ್ಪ ಕಠಿಣ ಮಾತು. ದಸರಾ-ದೀಪಾವಳಿ ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಗಂಡ-ಹೆಂಡತಿ ಜೋಡಿಗೆ ಒಂದು 'ಕೊಯ್ತಾ' ಎಂದು ಲೆಕ್ಕ. ಒಬ್ಬರು ಒಂದು ದಿನ ಬಿದ್ದುಕೊಂಡರೂ ಇಬ್ಬರ ದುಡಿಮೆ ನಿಂತಿತು. ಈ ಲೆಕ್ಕದಲ್ಲಿ ತಿಂಗಳ ಮೂರು ದಿನಕ್ಕೂ ಜಾಗವಿಲ್ಲ, ಬಿಳಿಸೆರಗಿಗೂ ಇಲ್ಲ. ಆಗ ಯಾರೋ ಹೇಳುತ್ತಾರೆ, ಚೀಲ ತೆಗೆಸಿಬಿಡು, ಪೀಡೆ ಹೋಗುತ್ತದೆ ಎಂದು. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರ ಸಂಖ್ಯೆ ದೊಡ್ಡ ಸುದ್ದಿಯಾಗಿ, ಸರ್ಕಾರ ಸಮಿತಿ ನೇಮಿಸಬೇಕಾಯಿತು. ಅದು ಬೀಡಿನ ಸಂಗತಿ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ತಾಯಂದಿರ ಸಭೆಯಲ್ಲೂ ಮೂವತ್ತೈದು ತುಂಬುವ ಮೊದಲೇ ತೆಗೆಸಿಕೊಂಡವರಿದ್ದಾರೆ. ಸಾಲ ಮಾಡಿ ತೆಗೆಸಿದ್ದಾರೆ, ಈಗ ನಡ ಬಾಗದು, ಮೈ ಬೆಂಕಿ ಕಾರುತ್ತದೆ, ನಿದ್ದೆ ಇಲ್ಲ ಎನ್ನುತ್ತಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಅಂದೇ ಶುರು, ಎಲುಬೂ ಬೇಗ ಸವೆಯುತ್ತದೆ. ಬಿಳಿಸೆರಗಿಗೆ ಬಹಳಷ್ಟು ಸಲ ಗುಳಿಗೆಯಲ್ಲೇ ವಾಸಿ ಮಾಡಬಹುದಾದ ಸೋಂಕು ಕಾರಣ. ಗರ್ಭಕೋಶ ತೆಗೆಯಲೇಬೇಕಾದ ರೋಗಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬರೇ ಡಾಕ್ಟರ ಮಾತಿನ ಮೇಲೆ ಹಾಸಿಗೆ ಏರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ನಾವು ತಾಯಂದಿರಿಗೆ ಹೇಳುವುದು ಇಷ್ಟೇ, "ಯವ್ವಾ, ಎತ್ತ ಕೊಳ್ಳಾಕ ನಾಕ್ ಮಂದಿನ್ನ ಕೇಳತೀರಿ. ಇದಕ್ಕ ಇಬ್ಬರನ್ನರ ಕೇಳ್ರಿ." ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಸರ್ಕಾರಿ ಕಾರ್ಯಕ್ರಮದಲ್ಲಿ ಪುಕ್ಕಟೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ, ಜಾಗ ಹೇಳುತ್ತಾರೆ.

ಹೆರಿಗೆ ಹಲವಾದವರಿಗೆ, ಭಾರ ಹೊರುವವರಿಗೆ ಕೆಮ್ಮಿದರೆ, ನಕ್ಕರೆ ಮೂತ್ರ ಜಾರುತ್ತದೆ. ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ. ಅದಕ್ಕೊಂದು ಸರಳ ವ್ಯಾಯಾಮವಿದೆ. ಮೂತ್ರ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುಗಳನ್ನೇ ಐದು ಎಣಿಸುವ ತನಕ ಬಿಗಿ ಹಿಡಿದು, ಐದು ಎಣಿಸುವ ತನಕ ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರಕ್ಕೆ ಕೂತಾಗ ಮಾತ್ರ ಇದನ್ನು ಮಾಡಬಾರದು. ರೊಟ್ಟಿ ಬಡಿಯುತ್ತ, ಬಸ್ಸಿನಲ್ಲಿ ಕೂತು, ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು. ಸಭೆಯಲ್ಲಿ ಇದನ್ನು ಹೇಳಿದ ದಿನ ಎದ್ದ ನಗೆ ಮುಖ್ಯಾಧ್ಯಾಪಕರ ಕೋಣೆಗೂ ಕೇಳಿಸಿತು. ಎರಡು ತಿಂಗಳ ನಂತರ ಒಬ್ಬ ಅಜ್ಜಿ ಬಂದು ಕಿವಿಯಲ್ಲಿ "ಅಕ್ಕೋರ, ಪಾಡ ಆಗೈತಿ" ಎಂದು ಹೇಳಿ ಹೋದರು.

ಮಿಶ್ರಿಯ ಬಗ್ಗೆ ಬರೆಯದಿದ್ದರೆ ಈ ಭಾಗದ ಬರಹ ಆಗುವುದಿಲ್ಲ. ಬೇರೆ ಕಡೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಹಲ್ಲು ನೋವಿಗೆ ಒಳ್ಳೆಯದೆಂದು ಅತ್ತೆ ಕೊಟ್ಟದ್ದು ಸೊಸೆಗೆ, ಸೊಸೆಯದು ಮಗಳಿಗೆ. ಬೆಳಿಗ್ಗೆ ಒಮ್ಮೆ ಎಂದು ಶುರುವಾದದ್ದು ಐದಾರು ಸಲವಾಗುತ್ತದೆ. ಅದನ್ನು ತಿಕ್ಕದೆ ಹೊರಕಡೆ ಆಗುವುದಿಲ್ಲ, ಕೈಗೆ ಕೆಲಸ ಹತ್ತುವುದಿಲ್ಲ. ಗುಟಕಾ ತಿನ್ನುವ ಗಂಡಸರನ್ನು ಬಯ್ಯುವ ಹೆಂಗಸರು ಇದನ್ನು ಚಟವೆಂದು ಎಣಿಸುವುದೇ ಇಲ್ಲ, ಹಲ್ಲಪುಡಿ ಎನ್ನುತ್ತಾರೆ. ಆದರೆ ತಂಬಾಕು ತಂಬಾಕೇ. ಹುರಿದರೆ ಅದರ ವಿಷ ಹೋಗುವುದಿಲ್ಲ. ಬಾಯಿಯಲ್ಲಿ ಬಿಳಿ ಮಚ್ಚೆ, ಒಸಡು ಸವೆತ, ಕೊನೆಗೆ ಕ್ಯಾನ್ಸರ್. ಬಸುರಿಯಾದವಳು ತಿಕ್ಕಿದರೆ ಕೂಸು ತೂಕ ಕಡಿಮೆ ಹುಟ್ಟುತ್ತದೆ.

ಬಿಡಿಸುವುದು ಸುಲಭವಲ್ಲ, ಉಪದೇಶದಿಂದಂತೂ ಆಗದು. ನಮ್ಮಲ್ಲಿ ಬಿಟ್ಟವರು ಮೂವರು. ಒಬ್ಬರು ಸಲ ಕಡಿಮೆ ಮಾಡುತ್ತ ಬಂದರು. ಇನ್ನೊಬ್ಬರು ತಲುಬು ಎದ್ದಾಗ ಬಡೇಸೋಪು, ಲವಂಗ ಬಾಯಿಗೆ ಹಾಕಿಕೊಂಡರು. ಮೂರನೆಯವರದು ಬೇರೆ ಕಥೆ. ಅವರ ನಾಲ್ಕನೇ ತರಗತಿಯ ಮಗಳು ಮಿಶ್ರಿ ಡಬ್ಬಿಯಿಂದ ಚಿಟಿಕೆ ತೆಗೆದು ತಾನೂ ತಿಕ್ಕುತ್ತಿದ್ದುದನ್ನು ಕಂಡು ಅಂದೇ ಡಬ್ಬಿಯನ್ನು ಒಲೆಗೆ ಹಾಕಿದರು. ವಾರವಿಡೀ ತಲೆಶೂಲೆಯಿಂದ ಬಳಲಿದರು, ಸಿಟ್ಟಿಗೆದ್ದರು, ಮತ್ತೆ ಮುಟ್ಟಲಿಲ್ಲ. ಟೂತ್‌ಪೇಸ್ಟಿಗೆ ಹಣವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಿಶ್ರಿಗೆ ಕೊಡುವ ತಂಬಾಕಿನ ಹಣದಲ್ಲೇ ಅದು ಬರುತ್ತದೆ, ಬೇವಿನ ಕಡ್ಡಿಗಂತೂ ಹಣವೇ ಬೇಡ.

ಕಣ್ಣಿನ ವಿಷಯ ಚಿಕ್ಕದು, ಆದರೆ ನಮಗೆ ಇಷ್ಟದ್ದು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಇದ್ದದ್ದೇ. ಹೆಂಗಸರು ಇದನ್ನು ತಿಳಿಯುವುದು ಸೂಜಿಗೆ ದಾರ ಪೋಣಿಸುವಾಗ. "ಏ ತಂಗಿ, ಇದನ್ನಷ್ಟ ಪೋಣಿಸಿಕೊಡ" ಎಂದು ಮಗುವನ್ನು ಕರೆಯುತ್ತಾರೆ. ಅಕ್ಕಿಯಲ್ಲಿ ಹರಳು ಕಾಣುವುದಿಲ್ಲ, ಗುಳಿಗೆ ಚೀಟಿಯ ಮೇಲಿನ ತಾರೀಖು ಕಾಣುವುದಿಲ್ಲ. ಕನ್ನಡಕವೆಂದರೆ ಗಂಡಸರದು, ಮಾಸ್ತರರದು ಎಂಬ ಭಾವನೆ. ನಾವು ಶಾಲೆಗೆ ನಮ್ಮ ಕನ್ನಡಕ ಹಾಕಿಕೊಂಡು ಹೋಗಲು ಶುರು ಮಾಡಿದಾಗ "ಅಕ್ಕೋರಿಗೆ ವಯಸ್ಸಾತು" ಎಂದು ನಕ್ಕವರೇ ಸಭೆಯಲ್ಲಿ ಅದನ್ನು ಕೇಳಿ ಪಡೆದು ಹಾಕಿಕೊಂಡು ನೋಡಿದರು. ಒಬ್ಬ ತಾಯಿ ಮಗನ ವಹಿಯನ್ನು ಹಿಡಿದು ಅಕ್ಷರ ಅಕ್ಷರವಾಗಿ ಓದಿದರು. ಅವರೂ ಕನ್ನಡ ಶಾಲೆಯಲ್ಲಿ ಏಳನೆಯದು ಓದಿದವರು. ಓದು ಮರೆತುಹೋಗಿದೆ ಎಂದುಕೊಂಡು ಎಂಟು ವರ್ಷ ಸುಮ್ಮನಿದ್ದರು, ಮರೆತಿದ್ದೇನೂ ಇರಲಿಲ್ಲ. ಪೇಟೆಯಲ್ಲಿ ನೂರು-ನೂರೈವತ್ತಕ್ಕೆ ಓದುವ ಕನ್ನಡಕ ಸಿಗುತ್ತದೆ. ಕೊಳ್ಳುವ ಮೊದಲು ಒಮ್ಮೆ ಕಣ್ಣು ತೋರಿಸಿಕೊಂಡರೆ ಮೋತಿಬಿಂದು, ಸಕ್ಕರೆ ಕಾಯಿಲೆ ಇದ್ದರೂ ಗೊತ್ತಾಗುತ್ತದೆ.

ನಡಿಗೆಯ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕೇ ಎನ್ನಬಹುದು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಆಚೆ ರಾಜ್ಯದಿಂದ ಹೆಂಗಸರು ದಿನಗಟ್ಟಲೆ ನಡೆದು ಬರುತ್ತಾರೆ. ಹೆಗಲಿಗೊಂದು ಚೀಲ, ಜೊತೆಗೆ ಓಣಿಯ ಗೆಳತಿಯರು, ದಾರಿಯುದ್ದಕ್ಕೂ ಹಾಡು, ಮಾತು. ನಮ್ಮ ಶಾಲೆಯ ಮುಂದೆ ಹಾಯುವಾಗ ನೀರು ಕೊಡುತ್ತೇವೆ, ಮುಖ ನೋಡುತ್ತೇವೆ. ಕಾಲು ಬೊಬ್ಬೆ ಎದ್ದಿರುತ್ತದೆ, ಮುಖ ಮಾತ್ರ ಹಗುರ. ಮನೆಯಲ್ಲಿ ದಿನವಿಡೀ ನಡೆದರೂ ಆ ಹಗುರ ಬರುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಹೆಜ್ಜೆಯೂ ಇನ್ನೊಬ್ಬರ ಕೆಲಸಕ್ಕೆ. ಯಾವ ಅತ್ತೆಯೂ ದಾನಮ್ಮನ ಹರಕೆಗೆ ಅಡ್ಡ ಬರುವುದಿಲ್ಲ ಎಂಬುದು ಸೊಸೆಯಂದಿರಿಗೆ ಚೆನ್ನಾಗಿ ಗೊತ್ತು! ವರ್ಷಕ್ಕೊಮ್ಮೆ ಸಿಗುವ ಇದನ್ನು ಸೋಮವಾರದ ಸಂಜೆಗೆ ತರಲು ಬರುತ್ತದೆಯೇ ಎಂದು ಯೋಚಿಸಿದೆವು. ಈಗ ಏಳೆಂಟು ತಾಯಂದಿರು ಸಂಜೆ ಊರ ಹೊರಗಿನ ಗುಡಿಯ ತನಕ ಒಟ್ಟಾಗಿ ನಡೆದು ಬರುತ್ತಾರೆ. ದೇವರ ದರ್ಶನ ಎಂದು ಹೆಸರು. ಅರ್ಧ ತಾಸು ನಡಿಗೆ, ಕಾಲು ತಾಸು ಕಟ್ಟೆಯ ಮೇಲೆ ಕೂತು ಹರಟೆ. ಆ ಕಟ್ಟೆಯ ಮೇಲೆ ಯಾರ ಸೊಂಟ ನೋವು, ಯಾರ ಗಂಡ ಕುಡಿದು ಬಂದ, ಯಾರಿಗೆ ನಿದ್ದೆ ಹತ್ತುತ್ತಿಲ್ಲ ಎಲ್ಲ ಬರುತ್ತದೆ. ಕೆಲವೊಮ್ಮೆ ನಾವೂ ಹೋಗುತ್ತೇವೆ, ಸಲಹೆ ಕೊಡದೆ ಕೇಳುತ್ತೇವೆ. ಶಿಕ್ಷಕರಿಗೆ ಅದು ಬಲು ಕಷ್ಟದ ಕೆಲಸ.

ಊಟದ ಸರದಿಯ ಬಗ್ಗೆ ಬರೆಯಬೇಕೆಂದಿದ್ದೆವು. ಎಲ್ಲರದೂ ಆದ ಮೇಲೆ ತಳದ ಪಲ್ಯ, ನಿನ್ನೆಯ ರೊಟ್ಟಿ ಎಂಬ ಪದ್ಧತಿ ಒಂದು ಸಭೆಯಲ್ಲಿ ಮುರಿಯುವಂಥದ್ದಲ್ಲ. ಮಕ್ಕಳಿಗೆ ಮಾತ್ರ ಒಂದು ಮನೆಪಾಠ ಕೊಟ್ಟಿದ್ದೇವೆ. ರಾತ್ರಿ ಅವ್ವ ಏನು ಉಂಡಳು, ಎಷ್ಟು ಗಂಟೆಗೆ ಉಂಡಳು ಎಂದು ಏಳು ದಿನ ವಹಿಯಲ್ಲಿ ಬರೆದು ತರಬೇಕು. ಹುಡುಗರೂ ಬರೆಯಬೇಕು. ಮೊದಲ ದಿನ ಒಬ್ಬ ಹುಡುಗ "ನೋಡಿಲ್ರಿ" ಎಂದು ಬರೆದು ತಂದ. ಮೂರನೆಯ ದಿನ "ಅವ್ವ ನಮ್ಮ ಕೂಡ ಕುಂತು ಉಂಡಳು, ಪಲ್ಯ ಸಾಲಲಿಲ್ಲ, ನನ್ನದರಾಗ ಅರ್ಧ ಕೊಟ್ಟೆ" ಎಂದು ಬರೆದಿದ್ದ.

6.8 ಇದ್ದ ಆ ತಾಯಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ, ಗುಳಿಗೆಯೂ ಬಿಡದೆ ನಡೆದು, ಈಚೆಗೆ ನೋಡಿದಾಗ 10.9 ಇತ್ತು. ಮಗಳು ಈಗ ಏಳನೆಯದರಲ್ಲಿದ್ದಾಳೆ, ಕಳೆದ ತಿಂಗಳು ಎರಡೇ ದಿನ ಗೈರು, ಅದೂ ಜಾತ್ರೆಗೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನರ್ಸ್ ಬಾಯಿ ಮತ್ತೆ ಬರುತ್ತಾರೆ. ಕಳೆದ ಸಲ ತಪ್ಪಿಸಿಕೊಂಡವರ ಹೆಸರು ನಮ್ಮ ಹತ್ತಿರ ಇದೆ. ಇಂಡಿ, ವಿಜಯಪುರ, ಅಥಣಿ ಕಡೆಯ ಶಿಕ್ಷಕ ಬಂಧುಗಳೇ, ನಿಮ್ಮ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದ ಕರಪತ್ರಗಳಿದ್ದರೆ ದಯವಿಟ್ಟು ಹತ್ತಿಪ್ಪತ್ತು ಎತ್ತಿಟ್ಟಿರಿ. ಈ ಕಡೆ ಬರುವ ಬಸ್ಸಿನವರ ಕೈಯಲ್ಲಿ ಕೊಟ್ಟರೂ ನಮಗೆ ಮುಟ್ಟುತ್ತದೆ.